ಯಂತ್ರ ಬಂದಿತು, ನಡೆಯಿಸುವವರೆಲ್ಲಿ?

ಹರಪನಹಳ್ಳಿ ತಾಲೂಕಿನ ಹಲವಾಗಲು ತುಂಗಭದ್ರೆಯ ತೀರಸೀಮೆಗೆ ಸೇರಿದ ಗ್ರಾಮ. ಮಳೆಗಾಲದಲ್ಲಿ ನದಿಯು ತುಂಬಿ ಬಂದಾಗ ಈ ಭಾಗದ ಹೊಲಗಳಿಗೂ ದಾರಿಗಳಿಗೂ ನೀರು ನುಗ್ಗುವದುಂಟು. ಆದರೆ ಅದೇ ತಾಲೂಕಿನ ಒಳನಾಡಿನಲ್ಲಿ ಬೇಸಗೆಯು ಕಾಲಿಟ್ಟೊಡನೆ ಹೆಂಗಸರು ಕೊಡ ಹೊತ್ತು ಅಲೆಯಬೇಕು. ಕೊಳವೆಬಾವಿಯಲ್ಲಿ ನೀರು ಸಿಕ್ಕಿತೆಂದರೂ ಅದರಲ್ಲಿಯ ಫ್ಲೋರೈಡು ಹಲ್ಲನ್ನೂ ಎಲುಬನ್ನೂ ಕೆಡಿಸುವದು. ನದಿಯ ಪಕ್ಕದಲ್ಲಿಯೇ ಬಾಯಾರಿಕೆಯೆಂಬ ಈ ವಿಪರ್ಯಾಸವನ್ನು ನೀಗುವದಕ್ಕಾಗಿಯೇ ಇತ್ತೀಚಿನ ವರ್ಷಗಳಲ್ಲಿ ಸರಕಾರವು ಕೈಬಿಚ್ಚಿ ಹಣ ಸುರಿದಿದೆ. ನದಿಯಿಂದ ನೀರೆತ್ತಿ ತಾಲೂಕಿನ ಅರುವತ್ತು ಕೆರೆಗಳನ್ನು ತುಂಬಿಸುವ ಯೋಜನೆ, ನೆರೆಯ ಜಗಳೂರು ತಾಲೂಕಿನ ಐವತ್ತೇಳು ಕೆರೆಗಳ ಯೋಜನೆ, ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು, ಮನೆಮನೆಗೆ ನಲ್ಲಿ, ಊರೂರಿಗೆ ಶುದ್ಧ ನೀರಿನ ಘಟಕ – ಇವೆಲ್ಲವೂ ಸ್ವಾಗತಾರ್ಹವಾದ ಕಾರ್ಯಗಳೆಂಬುದರಲ್ಲಿ ಎರಡು ಮಾತಿಲ್ಲ. ನಾವು ಇಂದು ಎತ್ತಬೇಕೆಂದಿರುವ ಪ್ರಶ್ನೆಯು ಇವುಗಳನ್ನು ಕಟ್ಟುವದರ ಕುರಿತಾದುದಲ್ಲ; ಕಟ್ಟಿದವರು ಹೊರಟುಹೋದ ಮರುದಿನದ ಕುರಿತಾದುದು.

ನಮ್ಮಲ್ಲಿ ಲೋಕೋಪಯೋಗಿ ಕಾರ್ಯಗಳ ಪದ್ಧತಿಯು ಹೀಗಿದೆ. ಮೊದಲು ಅಂದಾಜುಪತ್ರ, ಆಮೇಲೆ ಮಂಜೂರಿ, ಆಮೇಲೆ ಶಂಕುಸ್ಥಾಪನೆ, ಕೊನೆಗೆ ಉದ್ಘಾಟನೆ. ಅಂದಾಜುಪತ್ರದಲ್ಲಿ ಸಿಮೆಂಟಿಗೆ ಒಂದು ಕಲಮು, ಕೊಳವೆಗೆ ಒಂದು ಕಲಮು, ಮೋಟರಿಗೆ ಒಂದು ಕಲಮು, ಶಿಲಾಫಲಕಕ್ಕೆ ಸಹ ಒಂದು ಕಲಮು ಇರುತ್ತದೆ. ಇಪ್ಪತ್ತೈದು ವರ್ಷ ಆ ಮೋಟರನ್ನು ನಡೆಯಿಸಬೇಕಾದ ಮನುಷ್ಯನು ಯಾರು, ಅವನಿಗೆ ಕಲಿಸುವವರು ಯಾರು, ಎಷ್ಟು ದಿನ, ಎಲ್ಲಿ, ಯಾರ ಖರ್ಚಿನಿಂದ ಎಂಬುದಕ್ಕೆ ಮಾತ್ರ ಕಲಮಿಲ್ಲ; ಇದ್ದರೆ ಕೊನೆಯಲ್ಲಿ, ಹಣವು ಸಾಲದೆ ಬಂದಾಗ ಮೊದಲು ಹೊಡೆದುಹಾಕಲ್ಪಡುವ ಸಾಲಿನಲ್ಲಿ ಇರುವದು. ಫಲವೇನಾಯಿತೆಂಬುದನ್ನು ವಾಚಕರೇ ಬಲ್ಲರು. ಶುದ್ಧ ನೀರಿನ ಘಟಕಗಳು ಹಲವು ಕಡೆಗಳಲ್ಲಿ ಬೀಗ ಹಾಕಿಕೊಂಡು ನಿಂತಿರುವದನ್ನು ಅವರು ಸ್ವತಃ ಕಂಡಿದ್ದಾರೆ. ಅವುಗಳ ಗೋಡೆಗೆ ಬಿರುಕಿಲ್ಲ, ಬಣ್ಣವೂ ಮಾಸಿಲ್ಲ. ಸೋಸುವ ಪೊರೆಯನ್ನು ಯಾವಾಗ ತೊಳೆಯಬೇಕು, ಯಾವಾಗ ಬದಲಿಸಬೇಕೆಂದು ಅರಿತವನಿಲ್ಲ, ಅರಿತವನಿದ್ದರೆ ಬದಲಿಸಲು ಹಣವಿಲ್ಲ.

ಹಿಂದೆ ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಹೆಚ್ಚು ದೂರದೃಷ್ಟಿಯುಳ್ಳವರಾಗಿದ್ದರೆಂದು ಹೇಳಬೇಕಾಗಿದೆ. ಕೆರೆಯೊಂದು ಕಟ್ಟಲ್ಪಟ್ಟಿತೆಂದರೆ ಅದರೊಡನೆ ನೀರುಗಂಟಿಯೂ ನೇಮಕವಾಗುತ್ತಿದ್ದನು. ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಏರಿಯಲ್ಲಿ ಎಲ್ಲಿ ಜಿನುಗು, ಕೋಡಿ ಬೀಳುವ ಮುನ್ನ ಯಾರನ್ನು ಕೂಗಬೇಕು – ಇದೆಲ್ಲವೂ ಅವನ ವಿದ್ಯೆ. ಅವನ ಜೀವನಕ್ಕೆ ಸುಗ್ಗಿಯಲ್ಲಿ ಕಣದ ಮೇಲೆ ಆಯದ ಕಾಳು ಗೊತ್ತಾಗಿತ್ತು. ಅವನ ಮಗನು ತಂದೆಯ ಬೆನ್ನಹಿಂದೆ ತಿರುಗಿ ಆ ವಿದ್ಯೆಯನ್ನು ಕಲಿಯುತ್ತಿದ್ದನು. ಹುಟ್ಟಿನಿಂದಲೇ ಕಸುಬನ್ನು ಕಟ್ಟಿಹಾಕುವ ಆ ವ್ಯವಸ್ಥೆಯು ಇಂದು ನಮಗೆ ಬೇಡ. ಅದು ಹೋದದ್ದೇ ಒಳ್ಳೆಯದು. ಆದರೆ ಅದರಲ್ಲಿ ಅಡಗಿದ್ದ ಮೂರು ಸಂಗತಿಗಳನ್ನು – ಕೆಲಸದೊಡನೆ ಕೆಲಸಗಾರ, ಕೆಲಸಗಾರನಿಗೆ ಗೊತ್ತಾದ ಅನ್ನ, ಅವನ ಹಿಂದೆ ಕಲಿಯುತ್ತಿರುವ ಮತ್ತೊಬ್ಬ – ನಾವು ವ್ಯವಸ್ಥೆಯೊಡನೆ ಕಳೆದುಕೊಂಡೆವು. ಹೆಸರು ಮಾತ್ರ ಉಳಿಯಿತು. ಇಂದೂ ನಮ್ಮ ಪಂಚಾಯತಿಗಳಲ್ಲಿ ನಲ್ಲಿಯ ನೀರು ಬಿಡುವವನನ್ನು ನೀರುಗಂಟಿ ಎಂದೇ ಕರೆಯುವರು. ಅವನ ಕೈಗೆ ಬಂದಿರುವದಾದರೋ ತೂಬಿನ ಕೋಲಲ್ಲ, ವಿದ್ಯುಚ್ಛಕ್ತಿಯ ಯಂತ್ರ ಮತ್ತು ವಿಷಪ್ರಾಯವಾದ ರಾಸಾಯನಿಕ ದ್ರವ್ಯ.

“ಗುಂಡಿ ಒತ್ತುವದಕ್ಕೆ ಶಿಕ್ಷಣವೇಕೆ?” ಎಂದು ಕೇಳುವವರುಂಟು. ಅವರಿಗೆ ಒಂದು ಸಣ್ಣ ಲೆಕ್ಕವನ್ನು ಒಪ್ಪಿಸುವೆವು. ಊರಿನ ಮೇಲ್ತೊಟ್ಟಿಯು 50,000 ಲೀಟರಿನದು. ಲೀಟರಿಗೆ 2 ಮಿಲಿಗ್ರಾಮು ಕ್ಲೋರಿನ್ನು ಬೇಕೆಂದು ಇಟ್ಟುಕೊಳ್ಳೋಣ. ಒಟ್ಟು 100 ಗ್ರಾಮು ಕ್ಲೋರಿನ್ನು. ಹೊಸದಾದ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ಲೋರಿನ್ನು ಇರುವದರಿಂದ 300 ಗ್ರಾಮು ಪುಡಿ ಸಾಕು. ಆದರೆ ಚೀಲದ ಬಾಯಿ ತೆರೆದು ಸೆಕೆಯಲ್ಲಿ ಬಿಟ್ಟ ಪುಡಿಯ ಸತ್ವವು ದಿನೇ ದಿನೇ ಹಾರಿಹೋಗುವದು. ಅರ್ಧ ಸತ್ವ ಹೋಗಿದ್ದರೆ ಅದೇ ಕೆಲಸಕ್ಕೆ 600 ಗ್ರಾಮು ಬೇಕು. ಇದನ್ನರಿಯದವನು ಎಂದಿನಂತೆ 300 ಗ್ರಾಮು ಹಾಕಿ, ಪುಸ್ತಕದಲ್ಲಿ “ಹಾಕಲಾಗಿದೆ” ಎಂದು ಬರೆದು, ಶುದ್ಧ ಮನಸ್ಸಿನಿಂದ ಅಶುದ್ಧ ಜಲವನ್ನು ಊರಿಗೆ ಬಿಡುವನು. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಮಾದರೂ ಕ್ಲೋರಿನ್ನು ಉಳಿದಿದೆಯೇ ಎಂದು ನೋಡುವ ಪರೀಕ್ಷೆಯು ಐದು ನಿಮಿಷದ್ದು. ಆ ಐದು ನಿಮಿಷದ ಮಹತ್ವವನ್ನು ತಿಳಿಯಿಸುವದಕ್ಕೆ ಮಾತ್ರ ಶಿಕ್ಷಣ ಬೇಕು.

ಯಂತ್ರದ ಕಡೆಗೆ ಬಂದರೂ ಇದೇ ಮಾತು. ಮೂರು ತಂತಿಗಳಲ್ಲಿ ಒಂದರ ವಿದ್ಯುತ್ತು ಕಡಿದರೂ ಮೋಟರು ಗುಂಯ್‌ಗುಟ್ಟುತ್ತಲೇ ಇರುವದು. ಆ ಸದ್ದನ್ನು ಗುರುತಿಸಿ ಕೂಡಲೇ ನಿಲ್ಲಿಸದಿದ್ದರೆ ಅದರ ಸುರುಳಿ ಸುಟ್ಟುಹೋಗುವದು. ದೊಡ್ಡ ಕೊಳವೆಯ ಕವಾಟವನ್ನು ಒಮ್ಮೆಲೇ ಮುಚ್ಚಿದರೆ ಹರಿಯುವ ನೀರು ಸುತ್ತಿಗೆಯಂತೆ ಬಡಿದು ಕೊಳವೆಯನ್ನೇ ಸೀಳುವದು. ನದಿಯ ನೀರು ಮುಂಗಾರಿನಲ್ಲಿ ಕೆಂಪಾಗಿ ಬಂದಾಗ ಬೇಸಗೆಯಲ್ಲಿ ಹಾಕುತ್ತಿದ್ದಷ್ಟೇ ಪಟಿಕವನ್ನು ಹಾಕಿದರೆ ಕೆಸರು ಕೂರದು. ಗಾಜಿನ ಪಾತ್ರೆಗಳಲ್ಲಿ ಆ ದಿನದ ನೀರನ್ನು ಬೇರೆ ಬೇರೆ ಪ್ರಮಾಣದಿಂದ ಪರೀಕ್ಷಿಸಿ ಪ್ರಮಾಣ ಗೊತ್ತುಮಾಡಬೇಕು. ಇವಾವುವೂ ಗೂಢವಿದ್ಯೆಗಳಲ್ಲ. ಹತ್ತನೆಯ ತರಗತಿ ಓದಿದ ಚುರುಕು ತರುಣನು ಕೆಲವು ತಿಂಗಳಲ್ಲಿ ಕಲಿಯಬಲ್ಲನು. ಆದರೆ ಕಲಿಸದೆ ಕಲಿಯಲಾರನು.

ಕಲಿಸದಿದ್ದರೆ ತೆರಬೇಕಾದ ಬೆಲೆಯು ಸುಟ್ಟ ಮೋಟರಿನದು ಮಾತ್ರವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಪಕ್ಕದ ಹೂವಿನಹಡಗಲಿ ತಾಲೂಕಿನ ಮಕರಬ್ಬಿಯಲ್ಲಿ 2021ರಲ್ಲಿ ಕಲುಷಿತವಾದ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು; 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ದುರಂತ ಮರುಕಳಿಸಿತು. ಇಂಥ ಸಂದರ್ಭಗಳಲ್ಲಿ ಯಾವನೋ ಕೆಳದರ್ಜೆಯ ನೌಕರನ ತಲೆಯ ಮೇಲೆ ತಪ್ಪನ್ನು ಹೊರಿಸಿ ಕೈತೊಳೆದುಕೊಳ್ಳುವದು ಸುಲಭ. ಅವನಿಗೆ ಕಲಿಸಬೇಕಾಗಿದ್ದವರು ಯಾರು, ಕಲಿಸಿದರೇ ಎಂಬ ಪ್ರಶ್ನೆಯು ಅಲ್ಲಿಗೇ ಮುಳುಗಿಹೋಗಬಾರದು.

ಇದು ಬಡದೇಶದ ರೋಗವೆಂದು ಯಾರೂ ಭಾವಿಸಬೇಕಾಗಿಲ್ಲ. ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ವಾಕರ್ಟನ್ ಎಂಬ ಸುಮಾರು ಐದು ಸಾವಿರ ಜನರ ಊರಿದೆ. 2000ನೆಯ ಇಸವಿಯ ಮೇ ತಿಂಗಳಲ್ಲಿ ಅಲ್ಲಿಯ ಬಾವಿಯ ನೀರಿಗೆ ರೋಗಾಣುಗಳು ಸೇರಿ ಏಳು ಜನ ಮಡಿದರು. ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನ್ಯಾಯಮೂರ್ತಿ ಡೆನಿಸ್ ಓ’ಕಾನರರ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೇನು? ನೀರಿನ ವ್ಯವಸ್ಥೆಯನ್ನು ನಡೆಯಿಸುತ್ತಿದ್ದವರು ಕ್ರಮವಾದ ಶಿಕ್ಷಣ ಪಡೆದವರಾಗಿರಲಿಲ್ಲ. ಪರೀಕ್ಷೆಯಿಲ್ಲದೆ, ಬಹುಕಾಲ ಕೆಲಸದಲ್ಲಿದ್ದರೆಂಬ ಒಂದೇ ಕಾರಣದಿಂದ ಅವರಿಗೆ ಅರ್ಹತಾಪತ್ರ ದೊರೆತಿತ್ತು. ಸಾಕಷ್ಟು ಕ್ಲೋರಿನ್ನು ಹಾಕದೆಯೇ ಹಾಕಿದಂತೆ ಪುಸ್ತಕದಲ್ಲಿ ಬರೆಯುವ ರೂಢಿ ಬೆಳೆದಿತ್ತು. ಮೇಲ್ವಿಚಾರಣೆಯ ಇಲಾಖೆಯ ಖರ್ಚನ್ನು ಕಡಿತಗೊಳಿಸಿದ್ದ ಸರಕಾರವನ್ನೂ ವಿಚಾರಣೆಯು ಬಿಡಲಿಲ್ಲ. ಆ ಪ್ರಾಂತವು ಪಾಠ ಕಲಿಯಿತು. ಶಿಕ್ಷಣ ಮತ್ತು ಪರೀಕ್ಷೆಯಿಲ್ಲದೆ ಯಾರೂ ಊರಿನ ನೀರನ್ನು ಮುಟ್ಟಕೂಡದೆಂದು ನಿಯಮ ಬಿಗಿಯಾಯಿತು. 2004ರಲ್ಲಿ ಅದೇ ವಾಕರ್ಟನ್ನಿನಲ್ಲಿ ನೀರಿನ ಕೆಲಸಗಾರರಿಗಾಗಿ ಶಿಕ್ಷಣಕೇಂದ್ರವು ಸ್ಥಾಪಿತವಾಯಿತು. ಏಳು ಹೆಣಗಳ ಬೆಲೆ ತೆತ್ತು ಅವರು ಕಲಿತದ್ದನ್ನು ನಾವು ಓದಿಯೇ ಕಲಿಯಬಹುದಲ್ಲವೇ?

ಅಷ್ಟು ದೂರ ಹೋಗುವದೂ ಬೇಡ. ನಮ್ಮ ವಿಜಯನಗರ ಜಿಲ್ಲೆಯಲ್ಲಿಯೇ, 2024ರ ಅಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು ಬಾಗಿಲು ಪ್ರವಾಹದಲ್ಲಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ, ಬೆಳೆಗೆ ಮೀಸಲಾದ ನೀರು, ಕಣ್ಣೆದುರಿಗೇ ಹರಿದುಹೋಗುತ್ತಿದ್ದಿತು. ಎಪ್ಪತ್ತು ವರ್ಷ ದುಡಿದ ಬಾಗಿಲು ಮುರಿದುದರಲ್ಲಿ ವಯಸ್ಸಿನ ಪಾಲೆಷ್ಟು, ಪೋಷಣೆಯ ಪಾಲೆಷ್ಟು ಎಂಬುದನ್ನು ತಜ್ಞರು ನಿರ್ಣಯಿಸಲಿ. ನಮ್ಮ ಗಮನ ಸೆಳೆದುದು ಮುಂದಿನ ಸಂಗತಿ. ಹರಿಯುವ ನೀರಿನಲ್ಲಿಯೇ ತಾತ್ಪೂರ್ತಿಕವಾದ ಅಡ್ಡಬಾಗಿಲನ್ನು ಇಳಿಯಿಸುವ ಧೈರ್ಯವೂ ತಿಳಿವಳಿಕೆಯೂ ಯಾರಲ್ಲಿದೆಯೆಂದು ಹುಡುಕಿದಾಗ ಸರಕಾರಗಳು ನೆನೆದುದು ಕನ್ನಯ್ಯ ನಾಯ್ಡು ಎಂಬ ವೃದ್ಧ ತಜ್ಞರನ್ನು. ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ಕೆಲಸವು ಕೈಗೂಡಿತು. ನಾಡು ಅವರಿಗೆ ಋಣಿಯಾಗಿದೆ. ಆದರೆ ಲಕ್ಷಾಂತರ ಎಕರೆಗಳ ಭಾಗ್ಯವು ಒಬ್ಬ ಹಿರಿಯರ ಸ್ಮರಣಶಕ್ತಿಯನ್ನೂ ಆರೋಗ್ಯವನ್ನೂ ಅವಲಂಬಿಸಿದ್ದಿತೆಂಬುದು ಹೆಮ್ಮೆಯ ಮಾತೇ, ಎಚ್ಚರಿಕೆಯ ಮಾತೇ?

ಈ ಅಣೆಕಟ್ಟಿನ ನೆರಳಿನಲ್ಲಿಯೇ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರಕಾರಿ ಕಾರ್ಖಾನೆಯಿದ್ದಿತು. ಅಣೆಕಟ್ಟಿನ ಬಾಗಿಲುಗಳನ್ನು ತಯಾರಿಸುವದೇ ಅದರ ಕಸುಬು. ನಷ್ಟದಲ್ಲಿ ಮುಳುಗಿದ ಅದನ್ನು ಮುಚ್ಚಲು 2015ರಲ್ಲಿ ಕೇಂದ್ರ ಮಂತ್ರಿಮಂಡಲವು ತೀರ್ಮಾನಿಸಿತು. ನಷ್ಟದ ಕಾರ್ಖಾನೆಯನ್ನು ಸದಾಕಾಲ ಸಾಕಬೇಕೆಂದು ನಾವು ವಾದಿಸುವದಿಲ್ಲ. ಆದರೆ ಕಾರ್ಖಾನೆಯ ಜಮಾಖರ್ಚಿನಲ್ಲಿ ಯಂತ್ರಗಳಿಗೂ ಭೂಮಿಗೂ ಬೆಲೆ ಕಟ್ಟಿದವರು ಕೆಲಸಗಾರರ ಕೈಯಲ್ಲಿದ್ದ ವಿದ್ಯೆಗೆ ಬೆಲೆ ಕಟ್ಟಲಿಲ್ಲ. ಆ ವಿದ್ಯೆಯನ್ನು ಹತ್ತು ತರುಣರಿಗೆ ದಾಟಿಸುವ ಏರ್ಪಾಡು ಆ ಜಮಾಖರ್ಚಿನಲ್ಲಿ ಎಲ್ಲಿಯೂ ಕಾಣದು. ಈಗ ಎಲ್ಲ 33 ಬಾಗಿಲುಗಳನ್ನೂ ಹೊಸದಾಗಿ ಹಾಕುವ ನಿರ್ಧಾರವಾಗಿದೆ. ಹೊಸ ಬಾಗಿಲುಗಳೊಡನೆ ಹೊಸ ಕೈಗಳೂ ತಯಾರಾಗಬೇಕು. ಅಣೆಕಟ್ಟು ಸುರಕ್ಷಾ ಕಾಯದೆ, 2021, ಅಣೆಕಟ್ಟಿನ ಒಡೆಯರು ಸುರಕ್ಷಾ ಘಟಕವನ್ನಿಡಬೇಕೆಂದೂ ಮಳೆಗಾಲದ ಮುಂಚೆ ಮತ್ತು ಅನಂತರ ತಪಾಸಣೆ ನಡೆಯಿಸಬೇಕೆಂದೂ ವಿಧಿಸುತ್ತದೆ. ಕಾಯದೆಯು ತಪಾಸಣೆಯನ್ನು ವಿಧಿಸಬಲ್ಲುದು. ತಪಾಸಣೆ ಮಾಡುವ ಕಣ್ಣನ್ನು ಶಿಕ್ಷಣವೇ ಕೊಡಬೇಕು.

ಕನ್ನಡ ನಾಡಿಗೆ ಈ ವಿಚಾರವು ಹೊಸತಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಕಟ್ಟೆ ಏಳುತ್ತಿದ್ದ ಕಾಲದಲ್ಲಿಯೇ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿಸಿದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ 1923ರಲ್ಲಿ ಅವರ ಮೇಲೆ ಬಿದ್ದಾಗ ವಿದೇಶದ ತಜ್ಞರ ಸ್ಥಾನಗಳಲ್ಲಿ ಕ್ರಮೇಣ ನಾಡಿನವರನ್ನೇ ತಯಾರುಮಾಡಿ ಕೂರಿಸಿದರು. ಇಳಿವಯಸ್ಸಿನಲ್ಲಿ, 1943ರಲ್ಲಿ, ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಕಸುಬು ಶಿಕ್ಷಣ ಸಂಸ್ಥೆಯು ಹುಟ್ಟುವದಕ್ಕೂ ಅವರೇ ಕಾರಣರಾದರು. ಕಟ್ಟುವದು ಮತ್ತು ಕಲಿಸುವದು ಅವರ ದೃಷ್ಟಿಯಲ್ಲಿ ಎರಡು ಕೆಲಸಗಳಾಗಿರಲಿಲ್ಲ. ಅವರ ಜನ್ಮದಿನದಂದು ಹೂಮಾಲೆ ಹಾಕುವ ನಾವು ಅವರ ವಿಚಾರದ ಈ ಅರ್ಧವನ್ನು ಮಾತ್ರ ಮರೆತಿದ್ದೇವೆ.

ಹಾಗಾದರೆ ಮಾಡಬೇಕಾದುದೇನು? ಟೀಕೆಯಷ್ಟೇ ನಮ್ಮ ಉದ್ದೇಶವಲ್ಲವಾದುದರಿಂದ ಕೆಲವು ಸೂಚನೆಗಳನ್ನು ಅಧಿಕಾರಿವರ್ಗದ ಮುಂದಿಡುವೆವು.

ಮೊದಲನೆಯದಾಗಿ, ಜನಗಳ ಲೆಕ್ಕವು ಅಂದಾಜುಪತ್ರದಲ್ಲಿಯೇ ಆಗಲಿ. ಹಗಲಿರುಳು ನಡೆಯುವ ಒಂದು ಪಂಪುಮನೆಯನ್ನು ತೆಗೆದುಕೊಳ್ಳಿರಿ. ದಿನಕ್ಕೆ ಎಂಟು ತಾಸಿನ ಮೂರು ಪಾಳಿ, ವಾರಕ್ಕೆ 21 ಪಾಳಿ. ಒಬ್ಬನು ವಾರಕ್ಕೆ ಆರು ಪಾಳಿಗಿಂತ ಹೆಚ್ಚು ಮಾಡಲಾರನು. ಆದುದರಿಂದ ನಾಲ್ವರು ಬೇಕು. ರಜೆ, ಜ್ವರ, ಮದುವೆ, ಮರಣಗಳನ್ನು ಹಿಡಿದರೆ ಐವರು. ಇಬ್ಬರನ್ನು ನೇಮಿಸಿ ಐವರ ಕೆಲಸವನ್ನು ನಿರೀಕ್ಷಿಸುವ ಕಡೆಯಲ್ಲಿ ರಾತ್ರಿಯ ಪಾಳಿಯು ಪುಸ್ತಕದಲ್ಲಿ ಮಾತ್ರ ನಡೆಯುವದು; ಶಿಕ್ಷಣಕ್ಕೆ ಕಳುಹಿಸಲು ಅಲ್ಲಿ ಯಾರಿಗೂ ಬಿಡುವಿರುವದಿಲ್ಲ.

ಎರಡನೆಯದಾಗಿ, ನೇಮಕವು ಉದ್ಘಾಟನೆಯ ನಂತರವಲ್ಲ, ಯಂತ್ರಗಳನ್ನು ಕೂರಿಸುವ ಮುಂಚೆಯೇ ನಡೆಯಲಿ. ನೆಲ ಅಗೆದು ಕೊಳವೆ ಹೂಳುವಾಗ ನಿಂತು ನೋಡಿದವನಿಗೆ ಕವಾಟವು ಎಲ್ಲಿದೆಯೆಂದು ಜೀವಮಾನವಿಡೀ ನೆನಪಿರುವದು. ಮುಚ್ಚಿದ ಮೇಲೆ ಬಂದವನು ಊರೆಲ್ಲ ಅಗೆದು ಹುಡುಕುವನು. ಆಮೇಲೆ ಗುತ್ತೇದಾರನು ಹೊಣೆ ಹೊತ್ತಿರುವ ಅವಧಿಯಲ್ಲಿ ಒಂದು ಪೂರ್ಣ ವರ್ಷ ಅವನ ಜನರ ಜೊತೆಯಲ್ಲಿ ಇವರು ದುಡಿಯಲಿ. ಒಂದು ವರ್ಷವೆನ್ನುವದಕ್ಕೆ ಕಾರಣವುಂಟು: ಬೇಸಗೆಯ ಬತ್ತಿದ ನದಿ, ಆಷಾಢದ ಕೆಂಪು ನೀರು, ವಿದ್ಯುತ್ತಿನ ಏರಿಳಿತ, ಇವೆಲ್ಲವನ್ನೂ ಒಂದೊಂದು ಸಲ ಕಂಡವನೇ ಕಲಿತವನು. ಇವರು ತಾವಾಗಿಯೇ ನಡೆಯಿಸಿ ತೋರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೊರತು ಗುತ್ತೇದಾರನ ಕೊನೆಯ ಬಿಲ್ಲು ಪಾವತಿಯಾಗಕೂಡದು. ಈ ಒಂದು ಷರತ್ತು ಹತ್ತು ಸುತ್ತೋಲೆಗಳ ಕೆಲಸ ಮಾಡುವದು.

ಮೂರನೆಯದಾಗಿ, ಕೈಪಿಡಿಯು ಕನ್ನಡದಲ್ಲಿರಲಿ. ಪರಭಾಷೆಯಲ್ಲಿ ಅಚ್ಚಾದ, ಕಪಾಟಿನಲ್ಲಿ ಬೀಗ ಹಾಕಿಟ್ಟ ಗ್ರಂಥದಿಂದ ರಾತ್ರಿ ಎರಡು ಗಂಟೆಗೆ ಪಂಪುಮನೆಯಲ್ಲಿ ನಿಂತವನಿಗೆ ಉಪಯೋಗವೇನು? ಏನು ಕೆಟ್ಟರೆ ಮೊದಲು ಏನನ್ನು ನಿಲ್ಲಿಸಬೇಕು ಎಂಬುದು ದೊಡ್ಡ ಅಕ್ಷರಗಳಲ್ಲಿ ಗೋಡೆಯ ಮೇಲಿರಬೇಕು. ಕಟ್ಟಿದ ಮೇಲಿನ ನಿಜವಾದ ನಕಾಶೆಯ ಒಂದು ಪ್ರತಿ ಪಂಚಾಯತಿಯಲ್ಲಿರಬೇಕು. ಈ ತಾಲೂಕು 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಂತೆ ಕಡತಗಳು ಊರಿಂದೂರಿಗೆ ಪಯಣ ಮಾಡುವವು; ಕೊಳವೆಗಳು ಮಾತ್ರ ನೆಲದಲ್ಲಿ ಹೂತಲ್ಲಿಯೇ ಇರುವವು. ನಕಾಶೆಯೂ ಅವುಗಳ ಹತ್ತಿರವೇ ಇರುವದು ಮೇಲು.

ನಾಲ್ಕನೆಯದಾಗಿ, ಕಲಿತವನು ಉಳಿಯುವಂಥ ಸಂಬಳವನ್ನು ತಿಂಗಳು ತಿಂಗಳು ತಪ್ಪದೆ ಕೊಡಬೇಕು. ಆರು ತಿಂಗಳು ಸಂಬಳವಿಲ್ಲದ ನೀರುಗಂಟಿಗೆ ಶಿಕ್ಷಣ ಕೊಟ್ಟರೆ ಅವನು ಆ ಶಿಕ್ಷಣವನ್ನೇ ಕೈಯಲ್ಲಿ ಹಿಡಿದು ಬೆಂಗಳೂರಿಗೆ ಹೊರಡುವನು. ಅದು ಅವನ ತಪ್ಪಲ್ಲ.

ಹಣವೆಲ್ಲಿ ಎಂಬ ಆಕ್ಷೇಪವು ಬರುವದೆಂದು ಬಲ್ಲೆವು. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಗೆ ಇತ್ತೀಚಿನ ಆಯವ್ಯಯಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಗೊತ್ತುಮಾಡಲಾಗಿದೆ. 371(ಜೆ) ವಿಧಿಯ ಸೌಲಭ್ಯವು ಹರಪನಹಳ್ಳಿಗೂ ದೊರೆತಿದೆ. ಕಟ್ಟಡಕ್ಕೆ ಕೊಡುವ ನೂರು ರೂಪಾಯಿಗಳಲ್ಲಿ ಒಂದೆರಡನ್ನು ಅದನ್ನು ನಡೆಯಿಸುವವರ ಶಿಕ್ಷಣಕ್ಕೆ ತೆಗೆದಿಟ್ಟರೆ ಉಳಿದ ತೊಂಬತ್ತೆಂಟು ರೂಪಾಯಿ ಉಳಿಯುವದು. ಕೇಂದ್ರ ಸರಕಾರವೂ ಈ ಸತ್ಯವನ್ನು ತಡವಾಗಿಯಾದರೂ ಕಂಡುಕೊಂಡಂತಿದೆ. 2019ರ ಅಗಸ್ಟ್ 15ರಂದು ಘೋಷಿತವಾದ ಜಲಜೀವನ ಯೋಜನೆಯಿಂದ ದೇಶದಲ್ಲಿ ನಲ್ಲಿಯುಳ್ಳ ಗ್ರಾಮೀಣ ಮನೆಗಳ ಸಂಖ್ಯೆ ಸುಮಾರು ಮೂರು ಕೋಟಿಯಿಂದ ಹದಿನೈದು ಕೋಟಿಗೂ ಮೇಲಕ್ಕೆ ಏರಿತು. 2025ರ ಮುಂಗಡಪತ್ರದಲ್ಲಿ ಯೋಜನೆಯನ್ನು 2028ರ ವರೆಗೆ ಮುಂದುವರಿಸುವಾಗ ಕೆಲಸದ ಗುಣ, ನಿರ್ವಹಣೆ ಮತ್ತು ಪೋಷಣೆಗಳ ಕಡೆಗೆ ಲಕ್ಷ್ಯ ಕೊಡಲಾಗುವದೆಂದು ಸಾರಲಾಯಿತು. ಪ್ರತಿ ಗ್ರಾಮದಲ್ಲಿ ಐವರು ಹೆಂಗಸರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂಬ ನಿಯಮವೂ ಆ ಯೋಜನೆಯಲ್ಲಿದೆ. ನೀರಿನ ಕಷ್ಟವನ್ನು ಹೊತ್ತವರ ಕೈಗೇ ಪರೀಕ್ಷೆಯ ಪೆಟ್ಟಿಗೆಯನ್ನು ಕೊಟ್ಟದ್ದು ಯುಕ್ತವಾದ ವಿಚಾರ. ಕಾಗದದ ಮೇಲೆ ಇರುವದು ಊರಿನಲ್ಲಿಯೂ ಇರುವಂತೆ ನೋಡಿಕೊಳ್ಳುವದಷ್ಟೇ ಉಳಿದಿದೆ.

“ಐದು ವರ್ಷದ ನಿರ್ವಹಣೆಯನ್ನು ಗುತ್ತೇದಾರನಿಗೇ ಒಪ್ಪಿಸಿದ್ದೇವೆ, ಚಿಂತೆಯೇಕೆ?” ಎಂಬ ಮತ್ತೊಂದು ಸಮಾಧಾನವೂ ಕಚೇರಿಗಳಲ್ಲಿ ಕೇಳಿಬರುವದು. ಆರನೆಯ ವರ್ಷವೂ ಒಂದು ವರ್ಷವೇ ಎಂಬುದನ್ನು ಇವರು ಮರೆತಿರುವರು. ಗುತ್ತೇದಾರನು ಹೊರಟ ದಿನವೇ ಅವನ ಜನವೂ ಹೊರಡುವದು. ಆ ಹೊತ್ತಿಗೆ ಯಂತ್ರವೂ ಹಳೆಯದಾಗಿ ಹೆಚ್ಚು ಜಾಣ್ಮೆಯನ್ನು ಬೇಡುತ್ತಿರುವದು. ಐದು ವರ್ಷವೆಂಬುದು ಕಲಿಯಲು ದೊರೆತ ಅವಕಾಶ. ಮಲಗಲು ದೊರೆತ ರಜೆಯಲ್ಲ.

ಕೊನೆಯದಾಗಿ ನಮ್ಮ ಪೌರರಿಗೆ ಒಂದು ಮಾತು. ಉದ್ಘಾಟನೆಯ ದಿನ ಮಂತ್ರಿಗಳ ಮುಂದೆ ಮನವಿಪತ್ರ ಹಿಡಿದು ನಿಲ್ಲುವಾಗ ಇನ್ನೊಂದು ತೊಟ್ಟಿಯನ್ನು ಬೇಡುವ ಬದಲು ಒಂದು ಪ್ರಶ್ನೆಯನ್ನು ಕೇಳಿರಿ: ಇದನ್ನು ನಾಳೆಯಿಂದ ನಡೆಯಿಸುವವರು ಯಾರು, ಅವರು ಎಲ್ಲಿ ಕಲಿತರು? ಉತ್ತರ ಕೊಡಬಲ್ಲ ಅಧಿಕಾರಿಯನ್ನು ಅಭಿನಂದಿಸಿರಿ. ಕೊಡಲಾರದವರನ್ನು ಮತ್ತೊಮ್ಮೆ ಕೇಳಿರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮಡಕೆಯನ್ನು ಒಡೆಯುತ್ತಿರುವದು ಯಾರ ದ್ವೇಷವೂ ಅಲ್ಲ, ಹಿಡಿಯಲು ಕಲಿಸದೆ ಕೈಗೆ ಕೊಟ್ಟ ನಮ್ಮ ಅವಿವೇಕ. ಹಲವಾಗಲಿನ ಪಕ್ಕದಲ್ಲಿ ತುಂಗಭದ್ರೆಯು ಮುಂದೆಯೂ ಹರಿಯುವಳು. ಅವಳ ನೀರು ಒಳನಾಡಿನ ಮನೆಯ ಕೊಡದವರೆಗೆ ನಿರ್ಮಲವಾಗಿ, ನಿತ್ಯವಾಗಿ ತಲಪಬೇಕಾದರೆ ಕೊಳವೆಯ ಉದ್ದಕ್ಕೂ ಅರಿತ ಕೈಗಳಿರಬೇಕು. ಆ ಕೈಗಳನ್ನು ಸಿದ್ಧಪಡಿಸುವ ಕಲಮನ್ನು ಮುಂದಿನ ಅಂದಾಜುಪತ್ರದ ಮೊದಲ ಪುಟದಲ್ಲಿಯೇ ಬರೆಯುವರೆಂದು ಅಧಿಕಾರಿಗಳಿಂದ ನಾವು ನಿರೀಕ್ಷಿಸುವೆವು.